ಟ್ಯಾಂಕ್ ಗೇಮ್‌ಗಳಲ್ಲಿ ಉಕ್ಕಿನ ಲೆಕ್ಕ ಸರಿ, ಕಣ್ಣಿನ ಲೆಕ್ಕ ತಪ್ಪು

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ಟ್ಯಾಂಕ್ ಗೇಮ್‌ಗಳನ್ನು ಪರಿಚಯಿಸುವ ಬರಹಗಳಲ್ಲಿ ‘ಇತಿಹಾಸಕ್ಕೆ ನಿಷ್ಠವಾದ ಆಟ’ ಎಂಬ ಹೊಗಳಿಕೆ ಸಲೀಸಾಗಿ ಬಂದುಬಿಡುತ್ತದೆ. ಬಣ್ಣ, ಬೋಲ್ಟು, ಚೈನಿನ ಕೊಂಡಿ ಎಲ್ಲ ಥೇಟ್ ಹಾಗೇ ಇವೆ ಎಂಬುದು ಅದಕ್ಕೆ ಕೊಡುವ ಕಾರಣ. ಟ್ಯಾಂಕಿನ ರೂಪದ ಮಟ್ಟಿಗೆ ಈ ಮಾತು ನಿಜವೇ. ಟ್ಯಾಂಕ್ ಕದನ ನಡೆಯುತ್ತಿದ್ದ ರೀತಿಯ ಬಗ್ಗೆ ಹೇಳುವುದಾದರೆ ಬೇರೆ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಒಳಗೆ ಕೂತವನಿಗೆ ಹೊರಗಿನದು ಎಷ್ಟು ಕಾಣುತ್ತಿತ್ತು? ಕಂಡದ್ದನ್ನು ಹೊಡೆಯಲು ಎಷ್ಟು ಹೊತ್ತು ಬೇಕಿತ್ತು? ಆ ಟ್ಯಾಂಕು ಅಲ್ಲಿಯವರೆಗೆ ಬಂದದ್ದಾದರೂ ಹೇಗೆ? ಹೆಸರುವಾಸಿ ಗೇಮ್‌ಗಳೂ ಈ ಮೂರರಲ್ಲಿ ಎಡವುತ್ತವೆ. ಆಟವಾಡುವ ಹುಡುಗರು ಇದನ್ನೇ ಇತಿಹಾಸವೆಂದು ನಂಬುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಉಕ್ಕಿನ ವಿಷಯದಲ್ಲಿ ಒಳ್ಳೆಯ ಗೇಮ್‌ಗಳು ಪಟ್ಟಿರುವ ಶ್ರಮವನ್ನು ಮೊದಲು ಒಪ್ಪಿಕೊಳ್ಳಬೇಕು. 2014ರಲ್ಲಿ ಟ್ಯಾಂಕ್‌ಗಳನ್ನು ಸೇರಿಸಿಕೊಂಡ ವಾರ್ ಥಂಡರ್ ಎಂಬ ಗೇಮಿನಲ್ಲಿ ‘ಇಷ್ಟು ಏಟು ಬಿದ್ದರೆ ಮುಗಿಯಿತು’ ಎಂಬ ಅಂಕದ ಲೆಕ್ಕವಿಲ್ಲ. ಗುಂಡು ಯಾವ ಫಲಕಕ್ಕೆ ಯಾವ ಕೋನದಲ್ಲಿ ತಗುಲಿತು, ಅದರ ಹಿಂದೆ ಯಾರು ಕೂತಿದ್ದರು, ಏನು ಇಟ್ಟಿತ್ತು ಎಂಬುದರ ಮೇಲೆ ಫಲಿತಾಂಶ ನಿಂತಿದೆ. ಜರ್ಮನಿಯ ಪ್ಯಾಂಥರ್‌ನ ಮುಂಭಾಗದ ಫಲಕ 80 ಮಿ.ಮೀ. ದಪ್ಪ. ಲಂಬದಿಂದ 55 ಡಿಗ್ರಿ ವಾಲಿಸಿ ಕೂರಿಸಿದ್ದರಿಂದ ನೇರ ಬರುವ ಗುಂಡು ಸುಮಾರು 140 ಮಿ.ಮೀ. ಉಕ್ಕನ್ನು ಕೊರೆಯಬೇಕು. ಸೋವಿಯತ್ ಟಿ-34ರ 45 ಮಿ.ಮೀ. ಫಲಕ 60 ಡಿಗ್ರಿ ವಾಲಿ 90 ಮಿ.ಮೀ. ಆಗುತ್ತದೆ. ಅದೇ ಪ್ಯಾಂಥರ್‌ನ ಪಕ್ಕೆಗೆ 40ರಿಂದ 50 ಮಿ.ಮೀ. ಮಾತ್ರ. ಎದುರಿಗೆ ನಿಂತು ಗುದ್ದಾಡದೆ ಪಕ್ಕಕ್ಕೆ ಬಂದು ಹೊಡೆಯಬೇಕು ಎಂಬ ಪಾಠವನ್ನು ಆಟ ಸರಿಯಾಗಿಯೇ ಕಲಿಸುತ್ತದೆ. ಪ್ಯಾಂಥರ್‌ನ ತೋಪಿನ ಬುಡದ ದುಂಡಗಿನ ಕವಚದ ಕೆಳಭಾಗಕ್ಕೆ ತಗುಲಿದ ಗುಂಡು ಕೆಳಕ್ಕೆ ಜಾರಿ ಚಾಲಕನ ತಲೆಯ ಮೇಲಿನ ತೆಳು ಫಲಕವನ್ನು ಒಡೆಯುತ್ತಿತ್ತು. ಆ ದೋಷ ನೀಗಲು 1944ರ ಕೊನೆಯ ತಿಂಗಳುಗಳಲ್ಲಿ ಕವಚದ ಕೆಳಗೆ ಗಲ್ಲದಂಥ ಏಣು ಕೊಟ್ಟರು. ಇಷ್ಟು ಸೂಕ್ಷ್ಮವೂ ಗೇಮಿನಲ್ಲಿದೆ. ವರ್ಲ್ಡ್ ಆಫ್ ಟ್ಯಾಂಕ್ಸ್ ಎಂಬ ಇನ್ನೊಂದು ಗೇಮಿನ ದಾರಿಯೇ ಬೇರೆ. ಅಲ್ಲಿ ಪ್ರತಿ ಟ್ಯಾಂಕಿಗೂ ಆಯಸ್ಸಿನ ಅಂಕಗಳಿವೆ. ಗುಂಡಿನ ಕೊರೆತ ಮತ್ತು ಹಾನಿಯನ್ನು ಶೇ 25ರಷ್ಟು ಹೆಚ್ಚುಕಡಿಮೆ ಮಾಡುವ ದಾಳದಾಟ ಅದರ ಮೂಲ ನಿಯಮ. ಅದನ್ನು ಆಟವಾಗಿ ಆಡಿದರೆ ತಕರಾರಿಲ್ಲ.

ಉಕ್ಕಿನ ಲೆಕ್ಕವೂ ಕಾಗದದ ಮೇಲೆ ಕಾಣುವಷ್ಟು ಚೊಕ್ಕಟವಲ್ಲ. 1944ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಇಸಿನ್ಯಿಯಲ್ಲಿ ಅಮೆರಿಕನ್ನರು ವಶಪಡಿಸಿಕೊಂಡ ಪ್ಯಾಂಥರ್‌ಗಳ ಮೇಲೆ ಗುಂಡು ಹಾರಿಸಿ ಪರೀಕ್ಷಿಸಿದಾಗ ಒಂದು ಟ್ಯಾಂಕಿನ ಫಲಕ ಏಟು ತಡೆಯಿತು, ಇನ್ನೊಂದರದು ಬಿರುಕುಬಿಟ್ಟಿತು. ಮಿಶ್ರಲೋಹಗಳ ಕೊರತೆಯಿಂದ ಯುದ್ಧದ ಕೊನೆಯ ಕಾಲದ ಜರ್ಮನ್ ಉಕ್ಕು ಪೆಡಸಾಗುತ್ತ ಹೋಗಿತ್ತು. ಗೇಮಿನಲ್ಲಿ ಒಂದೇ ಮಾದರಿಯ ಎಲ್ಲ ಪ್ಯಾಂಥರ್‌ಗಳ ಉಕ್ಕೂ ಒಂದೇ ಗುಣದ್ದು.

ಈಗ ಕಣ್ಣಿನ ವಿಷಯ. ಹೆಚ್ಚಿನ ಗೇಮ್‌ಗಳಲ್ಲಿ ಆಟಗಾರನ ಕ್ಯಾಮೆರಾ ಟ್ಯಾಂಕಿನ ಹಿಂದೆ, ಮೇಲೆ, ಗಾಳಿಯಲ್ಲಿ ತೇಲುತ್ತಿರುತ್ತದೆ. ದಿಬ್ಬದ ಈಚೆ ಟ್ಯಾಂಕನ್ನು ಮರೆಮಾಡಿಕೊಂಡೇ ಆಚೆಯ ಬಯಲನ್ನು ನೋಡಬಹುದು. ಗೋಡೆಯ ಮೂಲೆಯಲ್ಲಿ ನಿಂತು ತಿರುವಿನ ಆಚೆಗೆ ಇಣುಕಬಹುದು. ಐತಿಹಾಸಿಕತೆಯ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಸುಳ್ಳು ಈ ಆಟಗಳಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಚ್ಚಳ ಹಾಕಿಕೊಂಡ ಟ್ಯಾಂಕಿನ ಕಮಾಂಡರ್‌ಗೆ ಕಾಣುತ್ತಿದ್ದುದು ಗಾಜಿನ ಸೀಳುಗಳಲ್ಲಿ ತುಂಡು ತುಂಡಾದ ಹೊರಜಗತ್ತು. ಹತ್ತಿರದ ನೆಲವಂತೂ ಕಾಣುತ್ತಲೇ ಇರಲಿಲ್ಲ. ಹಾಗಾಗಿಯೇ ಅನುಭವಿ ಕಮಾಂಡರ್‌ಗಳು ಗುಂಡಿನ ಮಳೆಯಲ್ಲೂ ತಲೆ ಹೊರಗೆ ಹಾಕಿ ನಿಲ್ಲುತ್ತಿದ್ದರು. ಅದಕ್ಕೆ ತೆತ್ತ ಬೆಲೆ ಎಷ್ಟೆಂಬುದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿಯಿದೆ. 1944ರ ಏಪ್ರಿಲ್ 13ರಂದು ಇಂಫಾಲದ ಬಳಿಯ ನುಂಶಿಗುಮ್ ಬೆಟ್ಟವನ್ನು ಜಪಾನೀಯರಿಂದ ಮರಳಿ ಪಡೆಯಲು ಬ್ರಿಟಿಷ್ ಸೇನೆಯ 3ನೇ ಕ್ಯಾರಬಿನಿಯರ್ಸ್ ರೆಜಿಮೆಂಟಿನ ಲೀ ಟ್ಯಾಂಕ್‌ಗಳು ಡೋಗ್ರಾ ರೆಜಿಮೆಂಟಿನ ಕಾಲಾಳುಗಳ ಜೊತೆ ಕಡಿದಾದ ಏರು ಹತ್ತಿದವು. ಏಣಿನ ಅಗಲ ಅಷ್ಟಕ್ಕಷ್ಟೇ. ಪೆರಿಸ್ಕೋಪ್ ನಂಬಿ ಓಡಿಸಿದರೆ ಪ್ರಪಾತಕ್ಕೇ ಬೀಳಬೇಕು. ದಾರಿ ತೋರಿಸಲು ತಲೆ ಹೊರಹಾಕಿದ ಟ್ಯಾಂಕ್ ಅಧಿಕಾರಿಗಳು ಒಬ್ಬೊಬ್ಬರಾಗಿ ಗುಂಡಿಗೆ ಬಲಿಯಾದರು. ಬೆಟ್ಟವೇನೋ ಕೈಸೇರಿತು. ತೇಲುವ ಕ್ಯಾಮೆರಾ ಇರುವ ಗೇಮಿನಲ್ಲಿ ಇದೇ ಬೆಟ್ಟವನ್ನು ಯಾವ ಅಳುಕೂ ಇಲ್ಲದೆ ಹತ್ತಬಹುದು. ಆ ಸಾವುಗಳಿಗೆ ಕಾರಣವೇನು ಎಂಬುದು ಆಟಗಾರನಿಗೆ ತಿಳಿಯುವುದೇ ಇಲ್ಲ.

ಟಿ-34ರ ಮೊದಲ ಮಾದರಿಗಳನ್ನು ನೋಡಿ. ತೋಪು ಕೂರಿಸಿದ, ಸುತ್ತ ತಿರುಗುವ ಗೋಪುರದೊಳಗೆ ಇಬ್ಬರಿಗೆ ಮಾತ್ರ ಜಾಗ. ಕಮಾಂಡರನೇ ಗುರಿ ಹಿಡಿಯಬೇಕು, ಅವನೇ ತೋಪು ಹಾರಿಸಬೇಕು, ದಳದ ನಾಯಕನಾಗಿದ್ದರೆ ಉಳಿದ ಟ್ಯಾಂಕ್‌ಗಳನ್ನೂ ನಡೆಸಬೇಕು. ದೂರದರ್ಶಕಕ್ಕೆ ಕಣ್ಣಿಟ್ಟ ಕ್ಷಣದಿಂದ ಸುತ್ತಲಿನ ಜಗತ್ತು ಅವನ ಪಾಲಿಗೆ ಇಲ್ಲ. ಯುದ್ಧದ ಮೊದಲ ವರ್ಷಗಳಲ್ಲಿ ಎಷ್ಟೋ ಟಿ-34ಗಳಲ್ಲಿ ರೇಡಿಯೊ ಕೂಡ ಇರಲಿಲ್ಲ. ಬಾವುಟದ ಸನ್ನೆಯೋ, ಮುಂದಿನ ಟ್ಯಾಂಕ್ ಹೋದ ದಾರಿಯೋ ಗತಿ. ಮೂವರ ಗೋಪುರ ಬಂದದ್ದು 85 ಮಿ.ಮೀ. ತೋಪಿನ ಮಾದರಿಯಲ್ಲಿ, 1944ರಲ್ಲಿ. ಗೇಮಿನಲ್ಲಿ ಟ್ಯಾಂಕು ಐದು ಜನರದಾದರೂ ನಾಲ್ಕು ಜನರದಾದರೂ ಎಲ್ಲರ ಕೆಲಸವನ್ನೂ ಒಬ್ಬನೇ ಆಟಗಾರ ಒಂದೇ ತಲೆಯಿಂದ ಮಾಡುವುದರಿಂದ ಟಿ-34ರ ಅತಿದೊಡ್ಡ ಕೊರತೆ ಮಾಯವಾಗಿ ಅದರ ವೇಗ, ವಾಲಿದ ಉಕ್ಕು ಇಷ್ಟೇ ಉಳಿಯುತ್ತವೆ. 1941ರಲ್ಲಿ ಅಷ್ಟೊಂದು ಟಿ-34ಗಳು ತಮಗಿಂತ ದುರ್ಬಲವಾದ ಜರ್ಮನ್ ಟ್ಯಾಂಕ್‌ಗಳೆದುರು ಯಾಕೆ ಸೋತವು ಎಂಬ ಪ್ರಶ್ನೆಗೆ ಅಂಥ ಆಟದಲ್ಲಿ ಉತ್ತರ ಸಿಗದು.

ಕಂಡ ಮೇಲೆ ಹೊಡೆಯುವ ಕೆಲಸ. ಕಮಾಂಡರ್ ಗುರಿಯನ್ನು ಗುರುತಿಸಿ ದಿಕ್ಕು, ಗುಂಡಿನ ಬಗೆ, ದೂರ ಹೇಳಬೇಕು. ಲೋಡರ್ ಗುಂಡು ತುಂಬಬೇಕು. ಗನ್ನರ್ ಗೋಪುರ ತಿರುಗಿಸಿ ತನ್ನ ಕಿರಿದಾದ ನೋಟದಲ್ಲಿ ಅದೇ ಗುರಿಯನ್ನು ಹುಡುಕಬೇಕು. ಪ್ಯಾಂಥರ್‌ನ ಗನ್ನರ್‌ಗೆ ತೋಪಿನ ದೂರದರ್ಶಕ ಬಿಟ್ಟರೆ ಬೇರೆ ಕಿಟಕಿಯೇ ಇರಲಿಲ್ಲ. ಕಮಾಂಡರ್ ಗುರಿ ಕಂಡ ಮೇಲೂ ಗನ್ನರ್ ಅದನ್ನು ಹುಡುಕಿ ಗುಂಡು ಹಾರಿಸಲು 20ರಿಂದ 30 ಸೆಕೆಂಡ್ ಹಿಡಿಯುತ್ತದೆ ಎಂದು ಯುದ್ಧಾನಂತರ ಪ್ಯಾಂಥರ್‌ಗಳನ್ನು ಬಳಸಿದ ಫ್ರೆಂಚ್ ಸೇನೆ 1947ರ ವರದಿಯಲ್ಲಿ ಬರೆದಿದೆ. ಅಮೆರಿಕದ ಶರ್ಮನ್‌ನಲ್ಲಿ ಗನ್ನರ್‌ಗೆ ಅಗಲ ನೋಟದ ಪೆರಿಸ್ಕೋಪ್ ಪ್ರತ್ಯೇಕವಾಗಿತ್ತು. ಗೋಪುರ ಒಂದು ಸುತ್ತು ತಿರುಗಲು ಸುಮಾರು 15 ಸೆಕೆಂಡ್ ಸಾಕಿತ್ತು. ತೆಳು ಉಕ್ಕಿನ ಶರ್ಮನ್ ಎಷ್ಟೋ ಸಲ ಮೊದಲ ಗುಂಡು ಹಾರಿಸಿ ಬಚಾವಾದದ್ದು ಈ ಕಾರಣಕ್ಕೆ. ಅಮೆರಿಕದ 3 ಮತ್ತು 4ನೇ ಆರ್ಮರ್ಡ್ ಡಿವಿಷನ್‌ಗಳ ಕದನಗಳನ್ನು ಆ ಸೇನೆಯ ಬ್ಯಾಲಿಸ್ಟಿಕ್ ಪ್ರಯೋಗಾಲಯ ಯುದ್ಧದ ನಂತರ ಬಿಡಿಸಿ ನೋಡಿದಾಗಲೂ ಎದ್ದುಕಂಡದ್ದು ಇದೇ. ಮೊದಲು ಕಂಡು ಮೊದಲು ಹೊಡೆದವರಿಗೆ ಭಾರಿ ಮೇಲುಗೈ.

ದೂರ ಅಳೆಯುವ ಬಗೆಯನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಜರ್ಮನ್ ದೂರದರ್ಶಕದ ನಡುವಿನ ದೊಡ್ಡ ತ್ರಿಕೋನದ ಬುಡ 4 ಮಿಲ್ ಅಗಲ. ಒಂದು ಮಿಲ್ ಎಂದರೆ 1,000 ಮೀಟರ್ ದೂರದಲ್ಲಿ ಒಂದು ಮೀಟರ್. ಗುರಿಯ ಅಗಲವನ್ನು ಮಿಲ್‌ನಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ದೂರ ಸಿಗುತ್ತದೆ. ಟಿ-34ರ ಅಗಲ 3 ಮೀಟರ್. ನೇರ ಎದುರಿಗಿರುವ ಟಿ-34 ತ್ರಿಕೋನದ ಬುಡವನ್ನು ಸರಿಯಾಗಿ ತುಂಬಿದರೆ ದೂರ 750 ಮೀಟರ್. ಎಡವಟ್ಟಾಗುವುದು ಅದು ಓರೆಯಾಗಿ ನಿಂತಾಗ. ಓರೆಯಲ್ಲಿ 5 ಮೀಟರ್ ಅಗಲ ಕಾಣುತ್ತಿರುವುದನ್ನು 3 ಮೀಟರ್ ಎಂದೇ ಭಾವಿಸಿದ ಗನ್ನರ್ 750 ಎಂದು ಲೆಕ್ಕ ಹಾಕುತ್ತಾನೆ. ನಿಜದ ದೂರ 1,250 ಮೀಟರ್. ಗುಂಡು ಗುರಿಯ ಮುಂದೆ ನೆಲಕ್ಕೆ ಬೀಳುತ್ತದೆ, ಹಾರಿಸಿದವನ ಜಾಗ ಶತ್ರುವಿಗೆ ಬಯಲಾಗುತ್ತದೆ. ಗುರಿ ಚಲಿಸುತ್ತಿದ್ದರೆ ಇನ್ನೂ ಕಷ್ಟ. ಜರ್ಮನಿಯ ಟೈಗರ್ ಟ್ಯಾಂಕಿನ 88 ಮಿ.ಮೀ. ಗುಂಡು ಸೆಕೆಂಡಿಗೆ 773 ಮೀಟರ್ ವೇಗದಲ್ಲಿ ಹೊರಟರೂ 1,000 ಮೀಟರ್ ಮುಟ್ಟಲು 1.4 ಸೆಕೆಂಡಿನಷ್ಟು ಬೇಕು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅಡ್ಡ ಹೋಗುತ್ತಿರುವ ಟ್ಯಾಂಕ್ ಅಷ್ಟರಲ್ಲಿ ಸುಮಾರು ಎಂಟು ಮೀಟರ್ ಸರಿದಿರುತ್ತದೆ. ಅಂದರೆ ತನ್ನ ಇಡೀ ಮೈಯುದ್ದಕ್ಕಿಂತ ಹೆಚ್ಚು. ಇದರ ಮೇಲೆ ತೋಪಿನ ಬಾಯಿಂದೆದ್ದ ಹೊಗೆ, ದೂಳು. ಶರ್ಮನ್‌ನ 76 ಮಿ.ಮೀ. ತೋಪಿನಲ್ಲಿ ಈ ದೂಳಿನ ಕಾಟ ಎಷ್ಟಿತ್ತೆಂದರೆ ಗುಂಡು ಎಲ್ಲಿ ಬಿತ್ತೆಂದು ಹಾರಿಸಿದವರಿಗೇ ಕಾಣುತ್ತಿರಲಿಲ್ಲ. ಆಮೇಲೆ ಗಾಳಿಯನ್ನು ಪಕ್ಕಕ್ಕೆ ತಳ್ಳುವ ಮಜಲ್ ಬ್ರೇಕ್ ಜೋಡಿಸಬೇಕಾಯಿತು. ವರ್ಲ್ಡ್ ಆಫ್ ಟ್ಯಾಂಕ್ಸ್‌ನಲ್ಲಾದರೆ 445 ಮೀಟರ್ ಆಚೆಗಿನ ಶತ್ರುವನ್ನು ನಿಮ್ಮ ಟ್ಯಾಂಕ್ ಪತ್ತೆಹಚ್ಚುವಂತೆಯೇ ಇಲ್ಲ. ಉತ್ತರ ಆಫ್ರಿಕದ ಮರುಭೂಮಿಯಲ್ಲೂ ರಷ್ಯಾದ ಹುಲ್ಲುಗಾವಲಿನಲ್ಲೂ ಸಾವಿರ ಮೀಟರ್ ದಾಟಿ ನಡೆದ ಕದನಗಳು ಆ ಚೌಕಟ್ಟಿನೊಳಗೆ ಹಿಡಿಸುವುದಿಲ್ಲ.

ಏಟು ಬಿದ್ದ ಮೇಲಿನ ಕಥೆಯೂ ಬೇರೆ. ವಾರ್ ಥಂಡರ್‌ನ ಸಾಮಾನ್ಯ ಬಗೆಗಳಲ್ಲಿ ಗುಂಡು ತಗುಲಿದ ಮರುಕ್ಷಣ ಶತ್ರು ಟ್ಯಾಂಕಿನ ಒಡಲು ಪಾರದರ್ಶಕವಾಗಿ ತೆರೆದುಕೊಂಡು ಯಾರು ಸತ್ತರು, ಯಾವ ಭಾಗ ಕೆಟ್ಟಿತು ಎಂದು ತೋರಿಸುತ್ತದೆ. ನಿಜದ ಗನ್ನರ್‌ಗೆ ಕಾಣುತ್ತಿದ್ದುದು ಒಂದು ಕಿಡಿ. ಟ್ಯಾಂಕು ಸತ್ತಿತೋ ಸುಮ್ಮನೆ ನಿಂತಿದೆಯೋ ಗೊತ್ತಾಗದೆ ಬೆಂಕಿ ಏಳುವವರೆಗೂ ಹೊಡೆಯುತ್ತಲೇ ಇರುತ್ತಿದ್ದರು. ಸುಟ್ಟು ಕರಕಲಾಗದ ಟ್ಯಾಂಕನ್ನು ಶತ್ರು ರಾತ್ರಿ ಎಳೆದುಕೊಂಡು ಹೋಗಿ ರಿಪೇರಿ ಮಾಡಿ ಮತ್ತೆ ತರುತ್ತಿದ್ದ ಎಂಬುದು ಇನ್ನೊಂದು ಕಾರಣ. ಒಳಗಿದ್ದವರೂ ಗೇಮಿನಲ್ಲಿಯಂತೆ ಸತ್ತ ಗನ್ನರ್‌ನ ಜಾಗಕ್ಕೆ ಕೆಲವೇ ಸೆಕೆಂಡುಗಳಲ್ಲಿ ಜರುಗಿ ಹೋರಾಟ ಮುಂದುವರಿಸುತ್ತಿದ್ದದ್ದು ಅಪರೂಪ. ಉಕ್ಕು ತೂತಾಯಿತೆಂದರೆ ಹೆಚ್ಚಿನವರು ಹೊರಕ್ಕೆ ಹಾರುತ್ತಿದ್ದರು. ಅವರು ಹೆದರುತ್ತಿದ್ದುದು ಮದ್ದುಗುಂಡಿನ ಬೆಂಕಿಗೆ. ಗುಂಡು ಹೊಕ್ಕ ಹಳೆಯ ಬಗೆಯ ಶರ್ಮನ್‌ಗಳಲ್ಲಿ ಶೇ 60ರಿಂದ 80ರಷ್ಟು ಸುಟ್ಟುಹೋಗುತ್ತಿದ್ದವು. ಮದ್ದುಗುಂಡನ್ನು ಪಕ್ಕೆಯಿಂದ ತೆಗೆದು ನೆಲಮಟ್ಟದಲ್ಲಿ, ನೀರು ತುಂಬಿದ ಕವಚದ ಪೆಟ್ಟಿಗೆಗಳಲ್ಲಿ ಇಡತೊಡಗಿದ ಮೇಲೆ ಅದು ಶೇ 10ರಿಂದ 15ಕ್ಕೆ ಇಳಿಯಿತು ಎಂದು ಅಮೆರಿಕ ಸೇನೆಯ ಅಧ್ಯಯನ ಹೇಳುತ್ತದೆ. ಗೇಮ್ ಆಡುವವರು ಸ್ಫೋಟ ತಪ್ಪಿಸಲು ಕಡಿಮೆ ಗುಂಡು ಒಯ್ಯುತ್ತಾರೆ. ಫ್ರಾನ್ಸ್‌ನ ನಾರ್ಮಂಡಿಯಲ್ಲಿ ನಡೆದದ್ದು ತದ್ವಿರುದ್ಧ. ಎಷ್ಟು ಹೊತ್ತು ಹೋರಾಡಬೇಕೋ, ಮತ್ತೆ ಗುಂಡು ಯಾವಾಗ ಸಿಗುವುದೋ ಎಂಬ ಚಿಂತೆಯಲ್ಲಿ ಸಿಬ್ಬಂದಿ ಪೆಟ್ಟಿಗೆಯ ಹೊರಗೂ ಸಿಕ್ಕಸಿಕ್ಕಲ್ಲಿ ತುರುಕುತ್ತಿದ್ದರು. ಅದೇ ಅವರಿಗೆ ಮುಳುವಾಯಿತು.

ಚೈನ್ ತುಂಡಾದರೆ ಗೇಮಿನಲ್ಲಿ ಒಂದು ಕೀಲಿ ಒತ್ತಿ ಅರ್ಧ ನಿಮಿಷ ಕಾದರಾಯಿತು. ಯುದ್ಧದಲ್ಲಿ ಸಿಬ್ಬಂದಿ ಕೆಳಗಿಳಿದು ಹಾರೆ, ಸುತ್ತಿಗೆ ಹಿಡಿದು, ಕೆಟ್ಟ ಕೊಂಡಿಯ ಪಿನ್ನು ಬಡಿದು ಹೊರತೆಗೆದು, ಹೊಸ ಕೊಂಡಿ ಸೇರಿಸಿ, ಟನ್‌ಗಟ್ಟಲೆ ತೂಕದ ಚೈನನ್ನು ಚಕ್ರಗಳ ಮೇಲೆ ಎಳೆದು ಬಿಗಿಯಬೇಕಿತ್ತು. ಗುಂಡು ಹಾರುತ್ತಿರುವಾಗ ಆ ಮಾತೇ ಇಲ್ಲ. ಟೈಗರ್‌ನ ಚಕ್ರಗಳು ಒಂದರ ಹಿಂದೊಂದು ಹೆಣೆದುಕೊಂಡಿದ್ದವು. ಒಳಸಾಲಿನ ಒಂದು ಚಕ್ರ ಬದಲಿಸಲು ಹೊರಸಾಲಿನ ಹಲವನ್ನು ಕಳಚಬೇಕು. ರಷ್ಯಾದ ಚಳಿಗಾಲದಲ್ಲಿ ನಡುವೆ ಸಿಕ್ಕ ಕೆಸರು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಟ್ಯಾಂಕ್ ಅಲುಗಾಡದು. ರೈಲಿಗೆ ಹತ್ತಿಸಬೇಕಾದರೆ 72.5 ಸೆಂ.ಮೀ. ಅಗಲದ ಚೈನ್ ಬಿಚ್ಚಿ 52 ಸೆಂ.ಮೀ.ನದು ತೊಡಿಸಬೇಕು, ಹೊರಗಿನ ಚಕ್ರಗಳನ್ನೂ ತೆಗೆಯಬೇಕು, ಇಳಿಸಿದ ಮೇಲೆ ಎಲ್ಲವನ್ನೂ ಮರುಜೋಡಿಸಬೇಕು. 540 ಲೀಟರ್ ಪೆಟ್ರೋಲ್ ತುಂಬಿದರೂ ಹೊಲಗಾಡಿನಲ್ಲಿ ನೂರು ಚಿಲ್ಲರೆ ಕಿಲೋಮೀಟರ್ ಓಡಿದರೆ ಹೆಚ್ಚು. ಪ್ಯಾಂಥರ್‌ನ ಗತಿ ಇನ್ನೂ ಕಷ್ಟ. ಎಂಜಿನ್ ಶಕ್ತಿಯನ್ನು ಚೈನಿನ ಚಕ್ರಕ್ಕೆ ಮುಟ್ಟಿಸುವ ಕೊನೆಯ ಗೇರುಗಳು ಸರಾಸರಿ 150 ಕಿ.ಮೀ.ಗೆ ಕೈಕೊಡುತ್ತವೆ ಎನ್ನುತ್ತದೆ ಅದೇ ಫ್ರೆಂಚ್ ವರದಿ. 1943ರ ಜುಲೈನಲ್ಲಿ ರಷ್ಯಾದ ಕುರ್ಸ್ಕ್ ಕದನಕ್ಕೆ ಕಳುಹಿಸಿದ 200 ಪ್ಯಾಂಥರ್‌ಗಳಲ್ಲಿ ನೆಲಬಾಂಬು, ಶತ್ರುವಿನ ಗುಂಡು, ಯಂತ್ರದೋಷಗಳೆಲ್ಲ ಸೇರಿ ಕೆಲವೇ ದಿನಗಳಲ್ಲಿ ಮುಂಚೂಣಿಯಲ್ಲಿ ಓಡಾಡುವಂತೆ ಉಳಿದದ್ದು ಬೆರಳೆಣಿಕೆಯಷ್ಟು. ಯಾವ ಜನಪ್ರಿಯ ಆಟದಲ್ಲೂ ಪ್ಯಾಂಥರ್ ತಾನಾಗಿ ಕೆಟ್ಟು ನಿಲ್ಲುವುದನ್ನು ಕಾಣಲಾರಿರಿ. ‘ಅಜೇಯ ಜರ್ಮನ್ ಟ್ಯಾಂಕ್’ ಎಂಬ ಕಟ್ಟುಕಥೆ ಹಬ್ಬಲು ಇದೂ ದೊಡ್ಡ ಕಾರಣ. ಟೈಗರ್ ತಯಾರಾದದ್ದು 1,300 ಚಿಲ್ಲರೆ, ಶರ್ಮನ್ 49,000ದ ಆಸುಪಾಸು. ಆಟದ ಮೈದಾನದಲ್ಲಿ ಎರಡೂ ಸಮಸಮ. ಎರಡೇ ಮೂಲಮಾದರಿ ಕಂಡ 188 ಟನ್ನಿನ ಮೌಸ್ ಕೂಡ ವರ್ಲ್ಡ್ ಆಫ್ ಟ್ಯಾಂಕ್ಸ್‌ನಲ್ಲಿ ದಿನನಿತ್ಯದ ಅತಿಥಿ. ಕಾಗದದ ಮೇಲಷ್ಟೇ ಇದ್ದ ಕೆಲವು ಟ್ಯಾಂಕ್‌ಗಳನ್ನು ಹೊಸ ಆಟಗಾರರಿಗೆ ಸಿಗದಂತೆ ವಾರ್ ಥಂಡರ್ 2019ರಲ್ಲಿ ಹಿಂದೆ ಸರಿಸಿದ್ದು ಒಳ್ಳೆಯ ಹೆಜ್ಜೆ.

ಅಂಕಿ ಅಂಶದ ಪಟ್ಟಿಯಿಂದ ಗೆಲುವನ್ನು ಊಹಿಸಲಾಗದು ಎನ್ನಲು 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ನಡೆದ ಭಾರತ-ಪಾಕಿಸ್ತಾನ ಟ್ಯಾಂಕ್ ಕದನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್ನಿನ ಬಳಿ 90 ಮಿ.ಮೀ. ತೋಪಿನ ಅಮೆರಿಕನ್ ಪ್ಯಾಟನ್ ಟ್ಯಾಂಕ್‌ಗಳಿದ್ದವು. ದೂರ ಅಳೆಯುವ ಉಪಕರಣ ಅದರೊಳಗೇ ಇತ್ತು. ಭಾರತದ ಕಡೆ 3ನೇ ಕ್ಯಾವಲ್ರಿಯ ಸೆಂಚುರಿಯನ್, ಡೆಕ್ಕನ್ ಹಾರ್ಸ್‌ನ ಮಹಾಯುದ್ಧ ಕಾಲದ ಶರ್ಮನ್, 8ನೇ ಲೈಟ್ ಕ್ಯಾವಲ್ರಿಯ ಹಗುರ ಎಎಂಎಕ್ಸ್-13. ನಮ್ಮವರು ಕುದುರೆ ಲಾಳದಾಕಾರದಲ್ಲಿ ಎತ್ತರದ ಕಬ್ಬಿನ ಗದ್ದೆಗಳ ಮರೆಯಲ್ಲಿ ನಿಂತರು. ನೀರು ಬಿಟ್ಟು ಹೊಲಗಳನ್ನು ಕೆಸರು ಮಾಡಿದ್ದರು. ಪ್ಯಾಟನ್‌ಗಳು ಹತ್ತಿರ ಬರುವವರೆಗೆ ತೋಪು ಹಾರಿಸದೆ ತಡೆದುಕೊಂಡರು. ಕೆಸರಿನಲ್ಲಿ ಚೈನ್ ಹೂತು ವೇಗ ಕಳೆದುಕೊಂಡ, ಕಬ್ಬಿನ ನಡುವೆ ಏನೂ ಕಾಣದ ಪ್ಯಾಟನ್‌ಗೆ ದೂರಮಾಪಕವಿದ್ದೂ ಉಪಯೋಗವಾಗಲಿಲ್ಲ. ಜೀಪಿನ ಮೇಲಿನ 106 ಮಿ.ಮೀ. ರಿಕಾಯಿಲ್‌ಲೆಸ್ ಗನ್‌ನಿಂದ ಟ್ಯಾಂಕ್‌ಗಳನ್ನು ಉರುಳಿಸುತ್ತ ಭಾರತದ ಯೋಧ ಅಬ್ದುಲ್ ಹಮೀದ್ ಪ್ರಾಣ ಕೊಟ್ಟದ್ದು ಇಲ್ಲೇ. ಭಾರತದ ಲೆಕ್ಕದಲ್ಲಿ ಪಾಕಿಸ್ತಾನ ಕಳೆದುಕೊಂಡ ಟ್ಯಾಂಕ್ 97. ತೇಲುವ ಕ್ಯಾಮೆರಾ ಕೊಟ್ಟು ಈ ಕದನವನ್ನು ಗೇಮ್ ಮಾಡಿದರೆ ಕಬ್ಬಿನ ಗದ್ದೆ ಬರೀ ಅಲಂಕಾರವಾಗಿ ಉಳಿಯುತ್ತದೆ, ಗೆಲುವು ಪ್ಯಾಟನ್ನಿನದಾಗುತ್ತದೆ.

1948ರ ನವೆಂಬರ್ 1ರಂದು ಕಾಶ್ಮೀರದ ಜೋಜಿಲಾ ಕಣಿವೆದಾರಿಯಲ್ಲಿ ಭಾರತದ 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕ್‌ಗಳು ಕಾಣಿಸಿಕೊಂಡದ್ದನ್ನೂ ನೆನೆಯಬೇಕು. ಯೋಜನೆ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರದು. ಸುಮಾರು 3,500 ಮೀಟರ್ ಎತ್ತರಕ್ಕೆ ಟ್ಯಾಂಕ್ ಬರಬಹುದೆಂದು ಪಾಕಿಸ್ತಾನದ ಕಡೆಯ ಎದುರಾಳಿಗಳು ಎಣಿಸಿರಲೇ ಇಲ್ಲ. ಗೋಪುರಗಳನ್ನು ಕಳಚಿ, ಟಾರ್ಪಾಲಿನ್ ಹೊದಿಸಿ, ಗುಟ್ಟಾಗಿ ಶ್ರೀನಗರಕ್ಕೆ ಸಾಗಿಸಲಾಗಿತ್ತು. ಬಾಲ್ತಾಲ್‌ನಿಂದ ಮೇಲಕ್ಕಿದ್ದ ಹೇಸರಗತ್ತೆಯ ದಾರಿಯನ್ನು ಟ್ಯಾಂಕ್ ಹತ್ತುವಂತೆ ಅಗಲ ಮಾಡಿದವರು, ಬೆಂಗಳೂರಿನಲ್ಲಿ ಕೇಂದ್ರವಿರುವ, ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್. ಇಲ್ಲಿ ಕದನಕ್ಕಿಂತ ಕಷ್ಟದ್ದು ಟ್ಯಾಂಕನ್ನು ಅಲ್ಲಿಗೆ ಒಯ್ಯುವ ಕೆಲಸ. ಗೇಮ್‌ಗಳು ಶುರುವಾಗುವುದೇ ಆ ಕೆಲಸವೆಲ್ಲ ಮುಗಿದ ಮೇಲೆ.

ಇರುವ ಗೇಮ್‌ಗಳಲ್ಲೇ ನಿಜಕ್ಕೆ ಹತ್ತಿರ ಹೋಗಬಯಸುವವರಿಗೆ ದಾರಿಗಳಿವೆ. ವಾರ್ ಥಂಡರ್‌ನಲ್ಲಿ ‘ಆರ್ಕೇಡ್’ ಬಿಟ್ಟು ‘ಸಿಮ್ಯುಲೇಟರ್’ ಬಗೆಯನ್ನು ಆರಿಸಿಕೊಳ್ಳಿ. ಅಲ್ಲಿ ತೇಲುವ ಕ್ಯಾಮೆರಾ ಇಲ್ಲ, ಶತ್ರುವಿನ ತಲೆಯ ಮೇಲೆ ಹೆಸರು ತೂಗುವುದಿಲ್ಲ, ತನ್ನವರನ್ನು ಆಕಾರ ನೋಡಿಯೇ ಗುರುತಿಸಬೇಕು. ದೂರ ತಿಳಿಸುವ ಕೀಲಿಯನ್ನು ಮುಟ್ಟದೆ ಮಿಲ್ ಗೆರೆಗಳಿಂದಲೇ ಅಳೆದು ತೋಪಿನ ದೂರವನ್ನು ಕೈಯಾರೆ ಹೊಂದಿಸಿ. ಮೊದಲ ಗುಂಡುಗಳು ತಪ್ಪಿದರೆ ಬೇಸರಪಡಬೇಡಿ, ಆಗ ತಪ್ಪುತ್ತಿದ್ದದ್ದೂ ಹಾಗೆಯೇ. ಹೆಲ್ ಲೆಟ್ ಲೂಸ್ ಎಂಬ ಗೇಮಿನಲ್ಲಿ ಒಂದೇ ಟ್ಯಾಂಕಿನಲ್ಲಿ ಚಾಲಕ, ಗನ್ನರ್, ಕಮಾಂಡರ್ ಎಂದು ಮೂವರು ಬೇರೆ ಬೇರೆ ಆಟಗಾರರು ಕೂರುತ್ತಾರೆ. ಅಲ್ಲಿ ಉಕ್ಕಿನ ಲೆಕ್ಕ ಒರಟು. ಆದರೆ ‘ಎಡಕ್ಕೆ, ಮರದ ಪಕ್ಕ’ ಎಂದು ಕಮಾಂಡರ್ ಕೂಗಿದ್ದು ಗನ್ನರ್‌ಗೆ ಅರ್ಥವಾಗುವಷ್ಟರಲ್ಲಿ ಟ್ಯಾಂಕೇ ಉರಿದುಹೋಗುವ ಅನುಭವ ಯಾವ ಮಿಲಿಮೀಟರ್ ಲೆಕ್ಕಕ್ಕಿಂತಲೂ ಸತ್ಯಕ್ಕೆ ಹತ್ತಿರ. ಐಎಲ್-2 ಸರಣಿಯ ಟ್ಯಾಂಕ್ ಕ್ರ್ಯೂನಲ್ಲಿ ಒಳಗಿನ ಆಸನಗಳಿಂದ, ಗಾಜಿನ ಸೀಳುಗಳ ಮೂಲಕವೇ ಕುರ್ಸ್ಕ್ ಕದನದ ಪ್ರೊಖೊರೊವ್ಕಾ ಬಯಲನ್ನು ನೋಡಬಹುದು.

ಪತ್ರಿಕೆಯಲ್ಲಿ ಇಂಥ ಗೇಮ್‌ಗಳನ್ನು ವಿಮರ್ಶಿಸುವಾಗ ಚಿತ್ರದ ಚೆಲುವಿನ ಜೊತೆಗೆ ಕ್ಯಾಮೆರಾ ಎಲ್ಲಿದೆ, ದೂರವನ್ನು ಯಾರು ಅಳೆಯುತ್ತಾರೆ, ಟ್ಯಾಂಕ್ ತಾನಾಗಿ ಕೆಡುತ್ತದೆಯೇ, ಎರಡೂ ಕಡೆಯ ಸಂಖ್ಯೆ ಯಾವ ಆಧಾರದ್ದು ಎಂಬುದನ್ನೂ ದಯವಿಟ್ಟು ಬರೆಸಿ. ಬೆಂಗಳೂರಿನಲ್ಲಿ ಗೇಮ್ ತಯಾರಿಸುವ ಯುವಕರು 1965 ಅಥವಾ 1971ರ ಕದನಗಳನ್ನು ಕೈಗೆತ್ತಿಕೊಳ್ಳುವುದಾದರೆ ಮೊದಲು ಅಹಮದ್‌ನಗರದ, ಈಗಿನ ಅಹಿಲ್ಯಾನಗರದ, ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂಗೆ ಹೋಗಿ ಸೆಂಚುರಿಯನ್, ಪ್ಯಾಟನ್‌ಗಳ ಮುಂದೆ ಸಾಕಷ್ಟು ಹೊತ್ತು ನಿಲ್ಲಲಿ. ಉಕ್ಕಿನ ದಪ್ಪದ ಅಂಕಿಗಳು ಎಲ್ಲಿಯೂ ಸಿಗುತ್ತವೆ. ಕಮಾಂಡರನ ಗಾಜಿನ ಸೀಳು ಎಷ್ಟು ಕಿರಿದು, ಅದು ನೆಲದಿಂದ ಎಷ್ಟು ಎತ್ತರದಲ್ಲಿದೆ, ಆಳೆತ್ತರದ ಕಬ್ಬು ಅದಕ್ಕೆ ಎಲ್ಲಿಯವರೆಗೆ ಅಡ್ಡ ಬರುತ್ತದೆ ಎಂಬುದನ್ನು ಅಲ್ಲಿ ಅಳೆದುಕೊಂಡು ಬಂದು ಕ್ಯಾಮೆರಾವನ್ನು ಆ ಜಾಗದಲ್ಲಿ ಇಡಲಿ.

ಇಂತಿ,
ಸೇನಾ ಇತಿಹಾಸಾಸಕ್ತ ಓದುಗ, ಬೆಂಗಳೂರು